ಒಂದೇ ಸೂರಿನಡಿ ಇದ್ದರೆ ಸಾಕೇ? ಹೇವರ್ಡ್‌ನಿಂದ ಒಂದು ಹಳೆಯ ಲೆಕ್ಕ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು. ಮನೆ ತುಂಬ ಜನ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಫ್ರಿಜ್ಜಿನಲ್ಲಿ ಇಂಡಿಯನ್ ಸ್ಟೋರಿನಿಂದ ತಂದ ಬದನೆಕಾಯಿ, ಟೀವಿಯಲ್ಲಿ ಕನ್ನಡ ಧಾರಾವಾಹಿ. ಯಾವುದಕ್ಕೂ ಕೊರತೆ ಇಲ್ಲ. ಇಂಥ ಮನೆಯಲ್ಲಿರುವ ಎಪ್ಪತ್ತು ವರ್ಷದ ಅಜ್ಜಿಯನ್ನು ವಿಜ್ಞಾನ ‘ಒಂಟಿ’ ಅನ್ನಬಹುದೇ?

ಅನ್ನಬಹುದು. ಆ ಒಂಟಿತನ ಅವರ ಮನಸ್ಸಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ರಕ್ತಕಣಗಳಲ್ಲಿ, ಮೆದುಳಿನಲ್ಲಿ, ಕೊನೆಗೆ ಆಯಸ್ಸಿನಲ್ಲೂ ಅದರ ಗುರುತು ಕಾಣುತ್ತದೆ ಅಂತ ಸಾಕಷ್ಟು ಪುರಾವೆ ಇದೆ. ಆ ಪುರಾವೆಯ ಮೊದಲ ದೊಡ್ಡ ಕಂತು ಬಂದದ್ದು ನಮ್ಮ ಕನ್ನಡದ ಮಂದಿ ಇವತ್ತು ಸಾವಿರಗಟ್ಟಲೆ ನೆಲೆಸಿರುವ ಜಾಗದಿಂದಲೇ. ಅದಕ್ಕೇ ಈ ಸಲ ನಾವು ಹೇವರ್ಡ್‌ನಲ್ಲಿ ನಿಂತು ಮಾತಾಡುತ್ತಿದ್ದೇವೆ.

ಹೇವರ್ಡ್ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ, ಓಕ್‌ಲ್ಯಾಂಡ್ ಮತ್ತು ಫ್ರೀಮಾಂಟ್ ನಡುವೆ ಇರುವ ಊರು ಇದು. ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ಬೆಟ್ಟ. 2020ರ ಜನಗಣತಿಯ ಪ್ರಕಾರ ಸುಮಾರು 1 ಲಕ್ಷ 63 ಸಾವಿರ ಜನ. ‘ಕೊಲ್ಲಿಯ ಹೃದಯ’ ಅನ್ನೋದು ಊರಿನ ಬಿರುದು. ಆಡಳಿತದ ಲೆಕ್ಕದಲ್ಲಿ ಇದು ಅಲಮೀಡಾ ಕೌಂಟಿಗೆ ಸೇರಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಸಾರ್ವಜನಿಕ ಆರೋಗ್ಯ ಓದಿದವರಿಗೆ ಈ ಅಲಮೀಡಾ ಅನ್ನೋ ಹೆಸರು ಕೇಳಿದ ತಕ್ಷಣ ಕಿವಿ ನೆಟ್ಟಗಾಗುತ್ತದೆ. ಕಾರಣ ಇಲ್ಲಿದೆ.

1965ರಲ್ಲಿ ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಯ ಒಂದು ತಂಡ ಈ ಕೌಂಟಿಯ 6,928 ವಯಸ್ಕರಿಗೆ ಒಂದು ಪ್ರಶ್ನಾವಳಿ ಕೊಟ್ಟಿತು. ಇದರ ಹಿಂದೆ ಇದ್ದವರು ಲೆಸ್ಟರ್ ಬ್ರೆಸ್ಲೊ ಎಂಬ ವೈದ್ಯರು. ಅವರಿಗೆ ಆಸ್ಪತ್ರೆಯ ರೋಗಿಗಳಿಗಿಂತ ಹೆಚ್ಚು ಕುತೂಹಲ ಇದ್ದದ್ದು ಆರಾಮಾಗಿ ಓಡಾಡಿಕೊಂಡಿರುವ ಸಾಮಾನ್ಯ ಜನರ ಬಗ್ಗೆ. ಎಷ್ಟು ಹೊತ್ತು ಮಲಗುತ್ತೀರಿ? ಸಿಗರೇಟು ಸೇದುತ್ತೀರಾ? ಬೆಳಗಿನ ತಿಂಡಿ ತಪ್ಪಿಸುತ್ತೀರಾ? ಹೀಗೆ ಕೇಳಿ, ಆ ಜನ ಮುಂದೆ ಎಷ್ಟು ವರ್ಷ ಬದುಕಿದರು ಅಂತ ನೋಡುತ್ತಾ ಹೋದರು. ಏಳೆಂಟು ಗಂಟೆ ನಿದ್ದೆ, ಧೂಮಪಾನ ಬೇಡ, ವ್ಯಾಯಾಮ ಬೇಕು, ತೂಕ ಹತೋಟಿಯಲ್ಲಿರಲಿ: ಇವತ್ತು ಪ್ರತಿ ಡಾಕ್ಟರೂ ಹೇಳುವ ಈ ಮಾತುಗಳಿಗೆ ಅಂಕಿ ಅಂಶದ ಬಲ ಕೊಟ್ಟ ಅಧ್ಯಯನಗಳಲ್ಲಿ ಇದೂ ಒಂದು. ಬ್ರೆಸ್ಲೊ ತಾವೇ 97 ವರ್ಷ ಬದುಕಿದರು. ಒಬ್ಬರ ಆಯಸ್ಸು ಪುರಾವೆ ಆಗೋದಿಲ್ಲ, ಆದರೂ ಕೇಳೋಕೆ ಖುಷಿ.

ಆ ಪ್ರಶ್ನಾವಳಿಯಲ್ಲಿ ಅಭ್ಯಾಸಗಳ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳಿದ್ದವು. ಮದುವೆ ಆಗಿದೆಯೇ? ಸ್ನೇಹಿತರು, ನೆಂಟರು ಎಷ್ಟು ಜನ, ಎಷ್ಟು ಸಲ ಭೇಟಿ ಆಗುತ್ತೀರಿ? ಚರ್ಚಿಗೆ ಸೇರಿದ್ದೀರಾ? ಸಂಘ, ಕ್ಲಬ್ಬು ಏನಾದರೂ ಇದೆಯೇ? ಲೀಸಾ ಬರ್ಕ್‌ಮನ್ ಎಂಬ ಯುವ ಸಂಶೋಧಕಿ ಮತ್ತು ಬರ್ಕ್ಲಿಯ ಪ್ರಾಧ್ಯಾಪಕ ಲೆನರ್ಡ್ ಸೈಮ್ ಇವಿಷ್ಟನ್ನೇ ಕೈಗೆತ್ತಿಕೊಂಡರು. 30ರಿಂದ 69 ವರ್ಷದ 4,725 ಜನರ ಉತ್ತರಗಳನ್ನು ಮುಂದಿನ ಒಂಬತ್ತು ವರ್ಷದ ಮರಣ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರು. 1979ರಲ್ಲಿ ಫಲಿತಾಂಶ ಪ್ರಕಟವಾಯಿತು.

ವಯಸ್ಸನ್ನು ಸರಿದೂಗಿಸಿದ ಮೇಲೂ, ಅತಿ ಕಡಿಮೆ ಸಂಬಂಧಗಳಿದ್ದ ಗಂಡಸರು ಆ ಒಂಬತ್ತು ವರ್ಷಗಳಲ್ಲಿ ಸಾಯುವ ಸಂಭವ, ಅತಿ ಹೆಚ್ಚು ಸಂಬಂಧಗಳಿದ್ದವರಿಗಿಂತ 2.3 ಪಟ್ಟು ಹೆಚ್ಚಿತ್ತು. ಹೆಂಗಸರಲ್ಲಿ 2.8 ಪಟ್ಟು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಗೆಳೆಯರ ಜೊತೆ ಹರಟೆ ಹೊಡೆಯೋದನ್ನು ಯಾರೂ ಆರೋಗ್ಯದ ಪಟ್ಟಿಯಲ್ಲಿ ಬರೆದಿರಲಿಲ್ಲ.

ಈಗ ನೀವು ಕೇಳಬಹುದು: ತಡೀರಿ, ಇದು ತಿರುಗುಮುರುಗು ಆಗಿರಬಾರದೇ? ಕಾಯಿಲೆ ಬಿದ್ದವರು ಮನೆಯಿಂದ ಹೊರಗೆ ಹೋಗೋದು ಕಮ್ಮಿ. ಹಾಗಾಗಿ ಕಾಯಿಲೆಯೇ ಒಂಟಿತನಕ್ಕೆ ಕಾರಣ ಇರಬಹುದಲ್ವಾ? ಒಳ್ಳೆಯ ಪ್ರಶ್ನೆ. ಬರ್ಕ್‌ಮನ್ ಮತ್ತು ಸೈಮ್‌ಗೂ ಇದು ಹೊಳೆದಿತ್ತು. 1965ರಲ್ಲಿ ಅವರವರು ಹೇಳಿಕೊಂಡ ಆರೋಗ್ಯ, ಧೂಮಪಾನ, ಮದ್ಯ, ತೂಕ, ದೈಹಿಕ ಚಟುವಟಿಕೆ, ಡಾಕ್ಟರ ಬಳಿ ಹೋಗುವ ರೂಢಿ, ಇವನ್ನೆಲ್ಲ ಲೆಕ್ಕಕ್ಕೆ ತಗೊಂಡು ನೋಡಿದರು. ಸಂಬಂಧ ಉಳಿಯಿತು. ಆದರೂ ಇದು ಜನರನ್ನು ಗಮನಿಸಿದ ಅಧ್ಯಯನವೇ ಹೊರತು ಪ್ರಯೋಗ ಅಲ್ಲ ಅನ್ನೋದನ್ನು ನೆನಪಿಡಬೇಕು. ಯಾರನ್ನೂ ಬೇಕಂತ ಒಂಬತ್ತು ವರ್ಷ ಒಂಟಿಯಾಗಿ ಇಡೋಕೆ ಆಗೋದಿಲ್ಲ, ಇಡಲೂಬಾರದು.

ಈ ಅಧ್ಯಯನದ ಜನರಿಗೆ ವಯಸ್ಸಾಗುತ್ತಾ ಹೋದ ಹಾಗೆ ಇನ್ನೊಂದು ವಿಷಯ ಹೊರಬಿತ್ತು. 1987ರಲ್ಲಿ ಟೆರೇಸಾ ಸೀಮನ್ ಮತ್ತು ಸಂಗಡಿಗರು 17 ವರ್ಷಗಳ ದಾಖಲೆ ಇಟ್ಟುಕೊಂಡು ಹಿರಿಯರನ್ನು ಬೇರೆಯಾಗಿ ನೋಡಿದರು. 60ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಮದುವೆಯ ಸಂಬಂಧ ಮುಖ್ಯವಾಗಿತ್ತು. 60 ದಾಟಿದವರಲ್ಲಿ ಹತ್ತಿರದ ಸ್ನೇಹಿತರು ಮತ್ತು ನೆಂಟರ ಒಡನಾಟದ ತೂಕ ಹೆಚ್ಚಾಯಿತು. ಮುಪ್ಪಿಗೆ ಬೇಕಾದ ಒಡನಾಟ ಗಂಡ ಹೆಂಡತಿ ಜೋಡಿಯ ಆಚೆಗೂ ಹರಡಿರಬೇಕು ಅಂತ ಇದರ ಅರ್ಥ.

ಆಮೇಲೆ ಇಂಥ ಅಧ್ಯಯನಗಳು ಬೇರೆ ಬೇರೆ ದೇಶಗಳಲ್ಲಿ ನಡೆದವು. 2010ರಲ್ಲಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಅಂದರೆ 3,08,849 ಜನರ ಮಾಹಿತಿಯನ್ನು ಒಟ್ಟಿಗೆ ಸೇರಿಸಿದರು. ಬಲವಾದ ಸಾಮಾಜಿಕ ಸಂಬಂಧ ಇದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇಕಡ 50ರಷ್ಟು ಹೆಚ್ಚು ಅಂತ ಬಂತು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದೇ ಲೇಖನದ ಒಳಗಿನ ಒಂದು ಪಟ್ಟಿಯನ್ನು ಮಾತ್ರ ಬಹಳ ಜನ ಗಮನಿಸೋದಿಲ್ಲ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ.

ಆ ಪಟ್ಟಿಯಲ್ಲಿ ‘ಸಂಬಂಧ’ ಅನ್ನೋದನ್ನು ಅಳೆದ ರೀತಿಯ ಪ್ರಕಾರ ಫಲಿತಾಂಶವನ್ನು ಬೇರ್ಪಡಿಸಿದ್ದಾರೆ. ‘ಒಬ್ಬರೇ ಇದ್ದೀರಾ, ಬೇರೆಯವರ ಜೊತೆ ಇದ್ದೀರಾ’ ಅಂತ ಅಷ್ಟೇ ಕೇಳಿದ ಅಧ್ಯಯನಗಳಲ್ಲಿ ಪರಿಣಾಮ ಎಲ್ಲಕ್ಕಿಂತ ಕಡಿಮೆ: 1.19. ಮನೆಯವರು, ಗೆಳೆಯರು, ನೆರೆಹೊರೆ, ಸಂಘ ಸಂಸ್ಥೆ ಹೀಗೆ ಹಲವು ಬಗೆಯ ಒಡನಾಟವನ್ನು ಒಟ್ಟಿಗೆ ಅಳೆದ ಅಧ್ಯಯನಗಳಲ್ಲಿ ಎಲ್ಲಕ್ಕಿಂತ ಹೆಚ್ಚು: 1.91. ಒಂದು ಅಂದರೆ ಏನೂ ವ್ಯತ್ಯಾಸ ಇಲ್ಲ ಅಂತ ಲೆಕ್ಕ. ಒಂದೇ ಸೂರಿನಡಿ ಇರೋದರಿಂದ ಸ್ವಲ್ಪ ಲಾಭ ಇದೆ. ದೊಡ್ಡ ಲಾಭ ಇರೋದು ಹೊಸಿಲು ದಾಟಿ ಹೋಗುವ ಹಲವು ಎಳೆಗಳಲ್ಲಿ.

ಜೀವವಿಜ್ಞಾನದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇಲ್ಲಿಗೆ ಸಮಾಧಾನ ಆಗೋದಿಲ್ಲ. ಹರಟೆ ಹೊಡೆದದ್ದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತೆ? ಮಧ್ಯದ ದಾರಿ ಯಾವುದು?

ಒಂದು ದಾರಿ ನೆಗಡಿಯ ಪ್ರಯೋಗದಲ್ಲಿ ಕಾಣುತ್ತದೆ. 1997ರಲ್ಲಿ ಷೆಲ್ಡನ್ ಕೋಹೆನ್ ಮತ್ತು ಸಂಗಡಿಗರು 276 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿ ವೈರಸ್ ಇರುವ ಹನಿ ಹಾಕಿ, ಬೇರೆಯಾಗಿ ಇರಿಸಿ ನೋಡಿದರು. ಅದಕ್ಕೆ ಮೊದಲೇ ಪ್ರತಿಯೊಬ್ಬರ ಸಂಬಂಧಗಳ ಬಗೆ ಎಷ್ಟು ಅಂತ ಎಣಿಸಿಕೊಂಡಿದ್ದರು. ಗಮನಿಸಿ, ಎಣಿಸಿದ್ದು ಎಷ್ಟು ಜನ ಅಂತ ಅಲ್ಲ, ಎಷ್ಟು ಬಗೆ ಅಂತ. ಒಟ್ಟು 12 ಬಗೆ: ಸಂಗಾತಿ, ತಂದೆತಾಯಿ, ಅತ್ತೆಮಾವ, ಮಕ್ಕಳು, ಇತರ ನೆಂಟರು, ನೆರೆಯವರು, ಸ್ನೇಹಿತರು, ಸಹೋದ್ಯೋಗಿಗಳು, ಸಹಪಾಠಿಗಳು, ಸ್ವಯಂಸೇವೆಯ ಜೊತೆಗಾರರು, ಸಂಘದವರು, ಧಾರ್ಮಿಕ ಕೂಟದವರು. ಎರಡು ವಾರಕ್ಕೆ ಒಂದು ಸಲವಾದರೂ ಮುಖತಾ ಅಥವಾ ಫೋನಿನಲ್ಲಿ ಮಾತಾಡಿದರೆ ಆ ಬಗೆಗೆ ಒಂದು ಅಂಕ. ಒಂದರಿಂದ ಮೂರು ಬಗೆ ಮಾತ್ರ ಇದ್ದವರಿಗೆ ನೆಗಡಿ ಆಗುವ ಸಂಭವ, ಆರು ಅಥವಾ ಹೆಚ್ಚು ಬಗೆ ಇದ್ದವರಿಗಿಂತ 4.2 ಪಟ್ಟು ಹೆಚ್ಚಿತ್ತು. ಹೆಚ್ಚು ಜನರನ್ನು ನೋಡುವವರಿಗೆ ಹೆಚ್ಚು ನೆಗಡಿ ಬರಬೇಕು ಅಂತ ತಾನೇ ನಾವು ಅಂದುಕೊಳ್ಳೋದು? ವೈರಸ್ ಪ್ರಮಾಣ ಎಲ್ಲರಿಗೂ ಸಮನಾಗಿ ಕೊಟ್ಟಾಗ ಲೆಕ್ಕ ಉಲ್ಟಾ ಆಯಿತು. ಇವರೆಲ್ಲ 18ರಿಂದ 55 ವರ್ಷದವರು, ವೃದ್ಧರಲ್ಲ ಅನ್ನೋದನ್ನೂ ಹೇಳಿಬಿಡೋಣ.

ಇನ್ನೊಂದು ದಾರಿ ಬಿಳಿ ರಕ್ತಕಣಗಳ ಒಳಗಿದೆ. 2007ರಲ್ಲಿ ಸ್ಟೀವ್ ಕೋಲ್ ಅವರ ತಂಡ, ಬಹುಕಾಲದಿಂದ ಒಂಟಿತನ ಅನುಭವಿಸುತ್ತಿದ್ದವರ ಮತ್ತು ಅನುಭವಿಸದವರ ಬಿಳಿ ರಕ್ತಕಣಗಳಲ್ಲಿ ಯಾವ ಜೀನುಗಳು ಚುರುಕಾಗಿವೆ ಅಂತ ಹೋಲಿಸಿತು. ಬರೀ 14 ಜನರ ಪುಟ್ಟ ಅಧ್ಯಯನ. 209 ಜೀನುಗಳಲ್ಲಿ ವ್ಯತ್ಯಾಸ ಕಂಡಿತು. ಒಂಟಿತನದವರಲ್ಲಿ ಉರಿಯೂತ ಹೆಚ್ಚಿಸುವ ಜೀನುಗಳು ಚುರುಕು, ವೈರಸ್ ವಿರುದ್ಧ ಹೋರಾಡುವ ಮತ್ತು ಪ್ರತಿಕಾಯ ತಯಾರಿಸುವ ಜೀನುಗಳು ಮಂಕು. ಜೊತೆಗೆ, ಉರಿಯೂತ ಸಾಕು ನಿಲ್ಲಿಸಿ ಅಂತ ಕಾರ್ಟಿಸಾಲ್ ಹಾರ್ಮೋನು ಕೊಡುವ ಸೂಚನೆಗೆ ಆ ಕಣಗಳು ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. 2015ರಲ್ಲಿ ಇದೇ ವಿನ್ಯಾಸ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಪ್ರೈಮೇಟ್ ಸಂಶೋಧನಾ ಕೇಂದ್ರದ ರೀಸಸ್ ಕೋತಿಗಳಲ್ಲೂ ಕಂಡುಬಂತು. ಗುಂಪಿನ ನಡುವೆ ಇದ್ದೂ ಒಡನಾಟ ಸಿಗದ ಕೋತಿಗಳು ಅವು.

ಯಾಕೆ ಹೀಗೆ? ಒಂದು ಊಹೆ ಇದು. ಗುಂಪಿನಿಂದ ಹೊರಬಿದ್ದ ಪ್ರಾಣಿಗೆ ಕಚ್ಚಾಟ, ಗಾಯದ ಅಪಾಯ ಹೆಚ್ಚು. ಆಗ ಗಾಯದ ಬ್ಯಾಕ್ಟೀರಿಯಾ ವಿರುದ್ಧ ಉರಿಯೂತ ಸಿದ್ಧವಾಗಿರಬೇಕು. ಗುಂಪಿನಲ್ಲಿರುವ ಪ್ರಾಣಿಗೆ ಒಬ್ಬರಿಂದೊಬ್ಬರಿಗೆ ಹರಡುವ ವೈರಸ್ಸಿನ ಅಪಾಯ ಹೆಚ್ಚು. ಕಾಡಿನಲ್ಲಿ ಎರಡು ದಿನಕ್ಕೆ ಉಪಯೋಗವಾಗುತ್ತಿದ್ದ ಈ ತಯಾರಿ, ಸೋಫಾ ಮೇಲೆ ಎರಡು ವರ್ಷ ನಡೆದರೆ ಏನಾದೀತು? ದೀರ್ಘಕಾಲದ ಉರಿಯೂತ ಹೃದಯರೋಗ, ಮಧುಮೇಹಗಳ ಹಳೆಯ ಜೊತೆಗಾರ. ಇವೆರಡೂ ನಮ್ಮ ಭಾರತೀಯ ಮನೆಗಳಿಗೆ ಹೊಸಬರೇನಲ್ಲ.

ಇದರ ಜೊತೆಗೆ ಸರಳವಾದ ದಾರಿಗಳೂ ಇವೆ. ಯಾರನ್ನೋ ನೋಡೋಕೆ ಹೋಗಬೇಕಾದರೆ ನಡೀಬೇಕು. ಇಲಿನಾಯ್ ಮತ್ತು ಪಿಟ್ಸ್‌ಬರ್ಗ್ ಸಂಶೋಧಕರ 2011ರ ಒಂದು ಪ್ರಯೋಗದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದ್ದರು. ಒಂದು ವರ್ಷ ವಾರಕ್ಕೆ ಮೂರು ದಿನ ಚುರುಕಾಗಿ ನಡೆದವರಲ್ಲಿ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಸುಮಾರು ಶೇಕಡ 2ರಷ್ಟು ದೊಡ್ಡದಾಯಿತು. ಬರೀ ಮೈಕೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು. ಇನ್ನು ಮಾತುಕತೆ ಅನ್ನೋದು ಮೆದುಳಿಗೆ ದೊಡ್ಡ ಕಸರತ್ತು. ಎದುರಿಗಿರುವವರ ಮುಖ ಓದಬೇಕು, ಹಿಂದಿನ ಮಾತು ನೆನಪಿಡಬೇಕು, ಮುಂದಿನ ಮಾತು ಜೋಡಿಸಬೇಕು. ಧಾರಾವಾಹಿ ನೋಡುವಾಗ ಇದರಲ್ಲಿ ಅರ್ಧವೂ ಬೇಕಾಗೋದಿಲ್ಲ.

ಈಗ ಕೋಹೆನ್ ಅವರ 12 ಬಗೆಯ ಪಟ್ಟಿ ಹಿಡಿದು ಒಂದು ಲೆಕ್ಕ ಮಾಡೋಣ. ಮೈಸೂರಿನ ಒಬ್ಬ ನಿವೃತ್ತ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಪತಿ ಇದ್ದಾರೆ, ಒಂದು. ಅಮೆರಿಕದ ಮಗನ ಜೊತೆ ಫೋನ್, ಎರಡು. ತಂಗಿ, ನಾದಿನಿ, ಅಣ್ಣನ ಮಕ್ಕಳು, ಮೂರು. ಎದುರುಮನೆಯವರು, ನಾಲ್ಕು. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಗ್ಗೆ ಜೊತೆಗೆ ನಡೆಯುವ ಗೆಳತಿಯರು, ಐದು. ಶನಿವಾರದ ಭಜನಾ ಮಂಡಳಿ, ಆರು. ನಿವೃತ್ತ ನೌಕರರ ಸಂಘ, ಏಳು. ಹಾಲಿನ ಬೂತಿನವನು, ಹೂವು ತರುವಾಕೆ, ಸೊಪ್ಪಿನ ಗಾಡಿಯವರು ಈ ಪಟ್ಟಿಗೆ ಸೇರೋದಿಲ್ಲ. ಆದರೆ ದಿನಾ ಅವರ ಜೊತೆಗೂ ನಾಲ್ಕು ಮಾತು ಇದ್ದೇ ಇರುತ್ತದೆ.

ಅದೇ ತಾಯಿ ಹೇವರ್ಡ್ ಬೆಟ್ಟದ ಮೇಲಿನ ಮಗನ ಮನೆಗೆ ಬರುತ್ತಾರೆ. ಪತಿ, ಒಂದು. ಮಗ, ಎರಡು. ಮೊಮ್ಮಕ್ಕಳು ಮತ್ತು ಫೋನಿನಲ್ಲಿ ಸಿಗುವ ತಂಗಿ ಸೇರಿ ನೆಂಟರ ಬಗೆ, ಮೂರು. ಅಷ್ಟೇ. ಗೆಳತಿಯರಿಗೆ ಫೋನ್ ಮಾಡೋಣ ಅಂದರೆ ಇಲ್ಲಿ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಇವರ ಮಧ್ಯಾಹ್ನ ಅವರ ನಡುರಾತ್ರಿ. ಏಳಿದ್ದದ್ದು ಮೂರಾಯಿತು. ಪ್ರೀತಿ ಕಮ್ಮಿ ಆಗಿಲ್ಲ, ನೋಡಿಕೊಳ್ಳೋದರಲ್ಲಿ ಕೊರತೆ ಇಲ್ಲ. ಆದರೂ ಕೋಹೆನ್ ಪಟ್ಟಿಯ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಅವರು ಜಾರಿದ್ದಾರೆ. ಒಂದು ವಿಮಾನ ಪ್ರಯಾಣದಲ್ಲಿ.

ಮೊಮ್ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಇದೆಯಲ್ಲ ಅಂತೀರಾ? ಇದೆ, ಅದರಲ್ಲಿ ಸಂತೋಷವೂ ಇದೆ. ಆದರೆ ಮಗು ಕಿಂಡರ್‌ಗಾರ್ಟನ್‌ಗೆ ಹೋಗಲು ಶುರು ಮಾಡಿದ ದಿನ ಆ ಕೆಲಸದ ದೊಡ್ಡ ಭಾಗ ಮುಗಿಯುತ್ತದೆ. ಆಮೇಲೆ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರ ತನಕ ಮನೆಯಲ್ಲಿ ಗಡಿಯಾರದ ಸದ್ದು. ಕಾರು ಓಡಿಸಲು ಬಾರದವರಿಗೆ ಈ ಊರುಗಳಲ್ಲಿ ಮನೆಯ ಬಾಗಿಲಿನಿಂದಾಚೆಗೆ ಬೇಲಿ ಇಲ್ಲದಿದ್ದರೂ ಬೇಲಿ ಇದ್ದ ಹಾಗೇ.

ಇದನ್ನು ಕಂಡುಕೊಂಡವರಲ್ಲಿ ನಾವೇ ಮೊದಲಿಗರಲ್ಲ. ಪಕ್ಕದ ಫ್ರೀಮಾಂಟ್‌ನಲ್ಲಿ ಭಾರತದಿಂದ ಬಂದ ಹಿರಿಯರ ಒಂದು ಗುಂಪು ವಾರಕ್ಕೆ ಐದು ದಿನ ಅಂಗಡಿ ಸಂಕೀರ್ಣವೊಂದರ ಕಟ್ಟೆಗಳ ಮೇಲೆ, ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಸೇರುತ್ತಿದ್ದುದನ್ನು 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದಿತ್ತು. ತಮ್ಮ ಕೂಟಕ್ಕೆ ಅವರು ಇಟ್ಟ ಹೆಸರು ನೂರು ವರ್ಷ ಬದುಕುವವರ ಕ್ಲಬ್ಬು. ಊರಿನ ಅಶ್ವತ್ಥಕಟ್ಟೆಯನ್ನು ಅವರು ಪಾರ್ಕಿಂಗ್ ಜಾಗದ ಪಕ್ಕದಲ್ಲಿ ಮತ್ತೆ ಕಟ್ಟಿಕೊಂಡಿದ್ದರು. ಒಂದು ವಿಷಯ ಗಮನಿಸಬೇಕು, ಅದು ಗಂಡಸರ ಕೂಟ. ಅವರ ಮನೆಯ ಹೆಂಗಸರು ಆ ಹೊತ್ತಿನಲ್ಲಿ ಎಲ್ಲಿದ್ದರು ಅನ್ನೋದನ್ನು ನೀವೇ ಊಹಿಸಿ. ಅಲಮೀಡಾ ಲೆಕ್ಕದಲ್ಲಿ ಹೆಂಗಸರ ಅಂಕಿ 2.8 ಇತ್ತು, ಗಂಡಸರದ್ದು 2.3.

ಹಾಗಾದರೆ ಏನು ಮಾಡಿದರೆ ಕೆಲಸ ಆಗುತ್ತದೆ? ಇಲ್ಲೂ ಪುರಾವೆ ನೋಡಿಯೇ ಮಾತಾಡೋಣ. ಅದೃಷ್ಟಕ್ಕೆ ಒಂದು ಒಳ್ಳೆಯ ಪ್ರಯೋಗ ಕೊಲ್ಲಿಯ ಆಚೆ ದಡದಲ್ಲೇ ನಡೆದಿದೆ. ಸ್ಯಾನ್ ಫ್ರಾನ್ಸಿಸ್ಕೊದ 12 ಹಿರಿಯರ ಕೇಂದ್ರಗಳಲ್ಲಿ 60 ದಾಟಿದ 390 ಜನರನ್ನು ಸೇರಿಸಿಕೊಂಡು ಜೂಲೀನ್ ಜಾನ್ಸನ್ ಅವರ ತಂಡ ಗುಂಪು ಗಾಯನ ಶುರು ಮಾಡಿತು. ಅರ್ಧ ಕೇಂದ್ರಗಳಲ್ಲಿ ಹಾಡು ಆಗಲೇ ಆರಂಭ, ಉಳಿದವರಿಗೆ ಆರು ತಿಂಗಳ ನಂತರ. 2018ರಲ್ಲಿ ಬಂದ ಫಲಿತಾಂಶ ಏನು ಗೊತ್ತೇ? ನೆನಪಿನ ಶಕ್ತಿ, ದೇಹದ ಶಕ್ತಿಯ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಹಾಡಿದವರಲ್ಲಿ ಒಂಟಿತನ ಕಡಿಮೆಯಾಯಿತು, ಬದುಕಿನ ಬಗ್ಗೆ ಆಸಕ್ತಿ ಹೆಚ್ಚಿತು. ಹಾಡು ಹೇಳಿದರೆ ಮರೆವು ಹೋಗುತ್ತೆ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಭಜನೆಗೆ ಹೋಗಿ ಬಂದ ಅಮ್ಮ ಲವಲವಿಕೆಯಿಂದ ಇದ್ದರೆ ಅದನ್ನು ಮಾತ್ರ ನಂಬಿ.

ಎರಡನೆಯದು ಬಾಲ್ಟಿಮೋರ್ ನಗರದ ಪ್ರಯೋಗ. ಹಿರಿಯರನ್ನು ವಾರಕ್ಕೆ ಸುಮಾರು 15 ಗಂಟೆ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕಳಿಸಿ, ಮಕ್ಕಳಿಗೆ ಓದು ಕಲಿಸಲು ಹಚ್ಚಿದರು. ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಮೊದಲ ಹಂತದಲ್ಲಿ 60ರಿಂದ 86 ವರ್ಷದ 128 ಜನ ಇದ್ದರು. ಶಾಲೆಗೆ ಹೋದವರಲ್ಲಿ ದೈಹಿಕ ಚಟುವಟಿಕೆ ಹೆಚ್ಚಿತು, ಕಷ್ಟಕ್ಕೆ ಕರೆಯಬಹುದಾದ ಜನರ ಸಂಖ್ಯೆ ಹೆಚ್ಚಿತು, ಟೀವಿ ನೋಡುವ ಹೊತ್ತು ಕಡಿಮೆಯಾಯಿತು. ಯಾರೂ ಅವರಿಗೆ ‘ವ್ಯಾಯಾಮ ಮಾಡಿ’ ಅಂತ ಉಪದೇಶ ಮಾಡಿರಲಿಲ್ಲ. ಮಂಗಳವಾರ ಹತ್ತು ಗಂಟೆಗೆ ಮೂರನೇ ಕ್ಲಾಸಿನ ಮಗುವೊಂದು ಕಾಯುತ್ತಾ ಇರುತ್ತೆ ಅನ್ನೋದು ಸಾಕಾಗಿತ್ತು.

ಮೂರನೆಯದು ಬರೀ ಸಾರಿಗೆಯ ವಿಷಯ ಅನಿಸಬಹುದು, ಆದರೆ ಬಹಳ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ 1970ರ ದಶಕದ ಆರಂಭದಲ್ಲಿ ಆನ್ ಲಾಕ್ ಎಂಬ ಸಂಸ್ಥೆ ಹುಟ್ಟಿತು. ವಯಸ್ಸಾದ ವಲಸಿಗರನ್ನು ನರ್ಸಿಂಗ್ ಹೋಮಿಗೆ ಸೇರಿಸುವ ಬದಲು, ಬೆಳಗ್ಗೆ ವ್ಯಾನಿನಲ್ಲಿ ಕರೆತಂದು, ಊಟ, ಔಷಧಿ, ಒಡನಾಟ ಎಲ್ಲ ಒಂದೇ ಕಡೆ ಕೊಟ್ಟು, ಸಂಜೆ ಮನೆಗೆ ಬಿಡುವ ಹಗಲು ಕೇಂದ್ರ. ಭಾಷೆ ಅವರದ್ದೇ, ಊಟ ಅವರ ಊರಿನದ್ದೇ. ಈ ಮಾದರಿ ಎಷ್ಟು ಚೆನ್ನಾಗಿ ನಡೆಯಿತೆಂದರೆ 1997ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇದನ್ನು ‘ಪೇಸ್’ ಎಂಬ ಕಾಯಂ ಯೋಜನೆಯನ್ನಾಗಿ ಮಾಡಿತು. ಅದರ ಜೀವಾಳ ಇರೋದು ಆ ವ್ಯಾನಿನಲ್ಲಿ. ಅದು ಬರದಿದ್ದರೆ ಕೇಂದ್ರ ಎಷ್ಟು ಚೆಂದ ಇದ್ದರೂ ಅಜ್ಜಿ ಮನೆಯಲ್ಲೇ.

ಈಗ ಹೇವರ್ಡ್‌ಗೆ ಬರೋಣ. ಊರಿನ ನಾರ್ತ್ ಥರ್ಡ್ ಸ್ಟ್ರೀಟಿನಲ್ಲಿ, ಜಪಾನಿ ತೋಟದ ಪಕ್ಕದಲ್ಲೇ, ಇಲ್ಲಿನ ಪಾರ್ಕ್ ಇಲಾಖೆ ನಡೆಸುವ ಹಿರಿಯರ ಕೇಂದ್ರ ಇದೆ. ಪೇಟೆಯ ಮಧ್ಯೆ 2019ರಲ್ಲಿ ತೆರೆದ ಹೊಸ ಸಾರ್ವಜನಿಕ ಗ್ರಂಥಾಲಯ ಇದೆ. ಒಳಗೆ ಹೋಗಿ ಕೂರೋದಕ್ಕೆ ಯಾರ ಅಪ್ಪಣೆಯೂ ಬೇಡ. ಬಾರ್ಟ್ ರೈಲು 1972ರಿಂದ ಇದೆ, ಊರಿನಲ್ಲಿ ಎರಡು ನಿಲ್ದಾಣ. 65 ದಾಟಿದವರಿಗೆ ಹಿರಿಯರ ಕ್ಲಿಪ್ಪರ್ ಕಾರ್ಡ್ ಇದ್ದರೆ ಟಿಕೆಟ್ ಅರ್ಧಕ್ಕಿಂತ ಕಡಿಮೆ. ಮಿಲ್ಪಿಟಾಸ್‌ನ ಇಂಡಿಯಾ ಕಮ್ಯುನಿಟಿ ಸೆಂಟರ್‌ನಲ್ಲಿ ಹಿರಿಯರಿಗೆಂದೇ ಕಾರ್ಯಕ್ರಮಗಳಿವೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಿಂದ ನಡೆದುಕೊಂಡು ಬಂದಿದೆ. ಅಂದರೆ ಆಗ ಮೂವತ್ತರಲ್ಲಿದ್ದು ಕೂಟ ಕಟ್ಟಿದವರಿಗೆ ಈಗ ಎಂಬತ್ತು ದಾಟಿದೆ. ಊರಿನಿಂದ ಬಂದ ಅಪ್ಪ ಅಮ್ಮಂದಿರು ಮಾತ್ರ ಅಲ್ಲ, ಇಲ್ಲೇ ದುಡಿದು ಇಲ್ಲೇ ಹಣ್ಣಾದ ಕನ್ನಡಿಗರ ಮೊದಲ ತಲೆಮಾರಿನ ಪ್ರಶ್ನೆಯೂ ಇದೇ. ಅವರಿಗೆ ಇಂಗ್ಲಿಷ್ ಬರುತ್ತೆ, ಕಾರು ಓಡಿಸಿ ಗೊತ್ತು. ಆದರೆ ಕಣ್ಣು ಮಂಜಾಗಿ ಕಾರಿನ ಕೀಲಿ ಮಗಳ ಕೈಗೆ ಕೊಟ್ಟ ದಿನ ಅವರ ಬಾಗಿಲಿನಾಚೆಗೂ ಅದೇ ಬೇಲಿ ಬರುತ್ತದೆ.

ಜಾಗಗಳು ಇವೆ, ಅಂದರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧ ಮನೆಯವರದ್ದು. ಅದಕ್ಕೆ ನಮ್ಮ ಕಡೆಯಿಂದ ನಾಲ್ಕು ಮಾತು.

ಒಂದು, ದಾರಿ ಕಲಿಸಿ. ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡೋದು ಒಳ್ಳೇದೇ. ಆದರೆ ಮೊದಲ ವಾರದಲ್ಲೇ ಅವರ ಜೊತೆ ಬಸ್ಸಿನಲ್ಲಿ ಮೂರು ಸಲ ಹೋಗಿ ಬನ್ನಿ. ನಾಲ್ಕನೇ ಸಲ ಅವರೇ ಹೋಗಲಿ. ಹಾಗೆ ಕಲಿತ ದಾರಿ ನಿಮ್ಮ ಮೀಟಿಂಗಿಗೆ ಕಾಯೋದಿಲ್ಲ.

ಎರಡು, ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದವರು ನಿಧಾನವಾಗಿ ಮಾತುಕತೆಯಿಂದ ಹಿಂದೆ ಸರಿಯುತ್ತಾರೆ, ನಾವು ಅದನ್ನು ‘ವಯಸ್ಸಾಯ್ತು, ಸುಮ್ನಿರ್ತಾರೆ’ ಅಂದುಕೊಳ್ಳುತ್ತೇವೆ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ಗಮನಿಸಿದರು. ಒಟ್ಟಾರೆ ನೋಡಿದಾಗ ಶ್ರವಣ ಸಾಧನದಿಂದ ಮೆದುಳಿನ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಆ ಸಾಮರ್ಥ್ಯ ಕುಗ್ಗುವ ವೇಗ ಶೇಕಡ 48ರಷ್ಟು ಕಡಿಮೆಯಾಯಿತು. ತೀರಾ ಹೆಚ್ಚಲ್ಲದ ಕಿವುಡಿಗೆ ಅಮೆರಿಕದಲ್ಲಿ 2022ರ ಅಕ್ಟೋಬರಿನಿಂದ ಚೀಟಿ ಇಲ್ಲದೆ ಅಂಗಡಿಯಲ್ಲೇ ಸಾಧನ ಸಿಗುತ್ತದೆ.

ಮೂರು, ಕೆಲಸ ಕೊಡಿ, ಕುರ್ಚಿ ಮಾತ್ರ ಅಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ಹಿರಿಯರಿಗೆ ಮೊದಲ ಸಾಲಿನ ಕುರ್ಚಿ, ಒಂದು ಶಾಲು, ಬೇಗ ಊಟ. ಗೌರವ ಸರಿ. ಆದರೆ ಮೂವತ್ತು ವರ್ಷ ಲೆಕ್ಕ ಕಲಿಸಿದ ಮೇಷ್ಟ್ರಿಗೆ ಶನಿವಾರದ ಕನ್ನಡ ತರಗತಿಯ ಇಬ್ಬರು ಮಕ್ಕಳನ್ನು ಒಪ್ಪಿಸಿದರೆ, ಬ್ಯಾಂಕಿನಲ್ಲಿದ್ದವರ ಕೈಗೆ ಸಂಘದ ಲೆಕ್ಕಪುಸ್ತಕ ಕೊಟ್ಟರೆ, ಅವರು ಬರಲೇಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ‘ಸಕ್ರಿಯ ಮುಪ್ಪು’ ಅನ್ನೋದಕ್ಕೆ ಮೂರು ಕಂಬ ಹೇಳಿತು: ಆರೋಗ್ಯ, ಭದ್ರತೆ, ಪಾಲ್ಗೊಳ್ಳುವಿಕೆ. ಮೊದಲ ಎರಡನ್ನು ನಾವು ವಿಮೆ, ಮಾತ್ರೆ ಡಬ್ಬಿ, ಬಚ್ಚಲಿಗೆ ಹಿಡಿಕೆ ಅಂತ ಚೆನ್ನಾಗಿಯೇ ನೋಡಿಕೊಳ್ಳುತ್ತೇವೆ. ಮೂರನೆಯದು ಅಂಗಡಿಯಲ್ಲಿ ಸಿಗೋದಿಲ್ಲ.

ನಾಲ್ಕು, ಹಳೆಯ ಎಳೆಗಳನ್ನು ಕಡಿಯಬೇಡಿ. ಎರಡು ವಾರಕ್ಕೊಂದು ಫೋನ್ ಕೂಡ ಕೋಹೆನ್ ಪಟ್ಟಿಯಲ್ಲಿ ಅಂಕ ಗಳಿಸುತ್ತದೆ. ರಾತ್ರಿ ಎಂಟು ಗಂಟೆಗೆ, ಮೈಸೂರಿನ ಬೆಳಗಿನ ಹೊತ್ತಿಗೆ, ಅಮ್ಮ ಅರ್ಧ ಗಂಟೆ ವಿಡಿಯೊ ಕಾಲಿನಲ್ಲಿ ಗೆಳತಿಯರ ಜೊತೆ ಕೂತರೆ ‘ಏನಮ್ಮ ಯಾವಾಗ್ಲೂ ಫೋನು’ ಅನ್ನಬೇಡಿ.

ಈ ಎಳೆಗಳ ವಿಷಯಕ್ಕೆ ಕೊಲ್ಲಿ ಪ್ರದೇಶದ್ದೇ ಇನ್ನೊಂದು ಅಧ್ಯಯನ ನೆನಪಾಗುತ್ತದೆ. 1976ರಲ್ಲಿ ಮೈಕಲ್ ಮಾರ್ಮಟ್ ಮತ್ತು ಅದೇ ಲೆನರ್ಡ್ ಸೈಮ್, ಇಲ್ಲಿ ನೆಲೆಸಿದ್ದ 3,809 ಜಪಾನಿ ಮೂಲದವರ ಹೃದಯರೋಗವನ್ನು ಅಧ್ಯಯನ ಮಾಡಿದರು. ತಮ್ಮ ಸಮುದಾಯದ ರೀತಿನೀತಿ, ಒಡನಾಟ ಉಳಿಸಿಕೊಂಡವರಲ್ಲಿ ಹೃದಯರೋಗ ಜಪಾನಿನಲ್ಲಿ ಇದ್ದಷ್ಟೇ ಕಡಿಮೆ. ಅವನ್ನು ಬಹುಪಾಲು ಬಿಟ್ಟವರಲ್ಲಿ ಮೂರರಿಂದ ಐದು ಪಟ್ಟು ಹೆಚ್ಚು. ಆಹಾರ, ರಕ್ತದೊತ್ತಡ, ಸಿಗರೇಟು ಇವಿಷ್ಟರಿಂದಲೇ ಆ ಅಂತರವನ್ನು ವಿವರಿಸಲು ಆಗಲಿಲ್ಲ. ಮುಂದಿನ ಅಧ್ಯಯನಗಳಲ್ಲಿ ಈ ಚಿತ್ರ ಇಷ್ಟು ಸ್ಪಷ್ಟವಾಗಿ ಬರಲಿಲ್ಲ, ಹಾಗಾಗಿ ಇದನ್ನು ಕೊನೆಯ ಮಾತು ಅನ್ನೋದು ಬೇಡ. ಆದರೆ ವಲಸಿಗರ ಕೂಟ, ಹಬ್ಬ, ಹರಟೆಗಳನ್ನು ಬರೀ ಹಳೆಯ ಊರಿನ ಹಂಬಲ ಅಂತ ತಳ್ಳಿಹಾಕುವ ಮುಂಚೆ ಯೋಚಿಸಬೇಕು.

ಇದೆಲ್ಲ ವಿದೇಶದ ಮಾತಾಯಿತು, ಕರ್ನಾಟಕದಲ್ಲೇ ಇರುವ ಹಿರಿಯರ ಗತಿ ಏನು ಅಂತ ಕೇಳುವವರಿಗೂ ಒಂದು ಸುದ್ದಿ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡು 2018ರಲ್ಲಿ ಅಧ್ಯಯನ ಶುರು ಮಾಡಿದೆ. ಅಲಮೀಡಾ ಜನರ ಉತ್ತರಗಳಿಂದ ಜಗತ್ತು ಕಲಿತ ಹಾಗೆ, ಮುಂದೆ ಶ್ರೀನಿವಾಸಪುರದ ರೈತರ ಉತ್ತರಗಳಿಂದಲೂ ಕಲಿಯಬಹುದು. ಮಕ್ಕಳೆಲ್ಲ ಬೆಂಗಳೂರು, ಹೇವರ್ಡ್ ಸೇರಿ ಖಾಲಿಯಾದ ಮನೆಗಳ ಕಥೆ ಆ ಹಳ್ಳಿಗಳಿಗೂ ಹೊಸದಲ್ಲ.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇವೆ. ಒಬ್ಬರೇ ಇರೋದು ಬೇರೆ, ಒಂಟಿ ಅನಿಸೋದು ಬೇರೆ. ಪುಸ್ತಕ ಹಿಡಿದು ದಿನವೆಲ್ಲ ಸುಮ್ಮನೆ ಕೂತು ಸುಖವಾಗಿರುವ ಮಾವನವರನ್ನು ಬಲವಂತವಾಗಿ ನಗೆಕೂಟಕ್ಕೆ ಎಳೆದುಕೊಂಡು ಹೋಗಬೇಡಿ. ಹಾಗೆಯೇ ಊಟ ಸೇರದೆ, ನಿದ್ದೆ ಬರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ವಾರಗಟ್ಟಲೆ ಇದ್ದರೆ ಅದನ್ನು ಬರೀ ಬೇಸರ ಅಂತ ಬಿಡದೆ ಡಾಕ್ಟರಿಗೆ ತೋರಿಸಿ.

ಉಳಿದವರಿಗೆ ಒಂದು ಸಣ್ಣ ಪರೀಕ್ಷೆ. ಈ ವಾರ ನಿಮ್ಮ ಅಪ್ಪ ಅಮ್ಮ, ಅತ್ತೆ ಮಾವ ಎಲ್ಲೇ ಇರಲಿ, ಹೀಗೆ ಕೇಳಿ ನೋಡಿ: ನೀವು ಮಾಮೂಲಿಯಾಗಿ ಹೋಗುವ ಜಾಗಕ್ಕೆ ನಾಳೆ ಹೋಗದಿದ್ದರೆ, ‘ಯಾಕೆ ಬರಲಿಲ್ಲ’ ಅಂತ ಫೋನ್ ಮಾಡಿ ಕೇಳುವವರು ಯಾರು? ಮನೆಯವರನ್ನು ಬಿಟ್ಟು ಒಂದೆರಡು ಹೆಸರು ತಕ್ಷಣ ಬಂದರೆ ಸಂತೋಷ. ಉತ್ತರ ಬರೋದಕ್ಕೆ ತಡವಾದರೆ, ಮುಂದಿನ ಶನಿವಾರ ಎಲ್ಲಿಗೆ ಹೋಗಬೇಕು ಅಂತ ಅವರ ಜೊತೆ ಕೂತು ಯೋಚಿಸಿ.